ಬೆಳ್ಳಿ ಬಣ್ಣ ಬಳಿದ ಹಗ್ಗ

ಹೋದ ವಾರ ಗೋಕುಲಂನ ಒಂದು ಅಡ್ಡರಸ್ತೆಯಲ್ಲಿ ಕಾಫಿ ಕುಡಿಯುತ್ತ ನಿಂತಿದ್ದಾಗ ಎದುರು ಮನೆಗೆ ಕ್ರೇನ್ ಬಂತು. ಅದು ಯೋಗ ಕಲಿಸುವ ಮನೆ. ಮಹಡಿಯ ಮೇಲೆ ಅದೇನೋ ದೊಡ್ಡ ಗಾಜಿನ ಚೌಕಟ್ಟು ಏರಿಸಬೇಕಿತ್ತಂತೆ. ಚಾಪೆ ಸುತ್ತಿ ಹೆಗಲಿಗೆ ಹಾಕಿಕೊಂಡಿದ್ದ ವಿದೇಶಿ ಹುಡುಗಿಯರು ಫೋನ್ ಎತ್ತಿ ಹಿಡಿದು ನೋಡುತ್ತಿದ್ದರು. ಆಪರೇಟರ್ ಕೊಕ್ಕೆ ಇಳಿಸಿದ. ಬಿಸಿಲಿಗೆ ಕಾದಿದ್ದ ಉಕ್ಕಿನ ಹಗ್ಗ ಡ್ರಮ್ಮಿನಿಂದ ಬಿಚ್ಚಿಕೊಂಡು ಬಂತು, ಅದರ ಹಿಂದೆಯೇ ವಾಸನೆಯೂ ಬಂತು. ಕರಿ ಗ್ರೀಸು, ಡೀಸೆಲ್ಲು, ತುಕ್ಕು ಮೂರೂ ಸೇರಿ ಹಳಸಿದ ವಾಸನೆ. ಬಾಯಲ್ಲಿದ್ದ ಕಾಫಿಯನ್ನು ಚರಂಡಿಗೆ ಉಗಿದು ಲೋಟ ವಾಪಸ್ಸು ಇಟ್ಟೆ. ಅಂಗಡಿಯವನು ಗಾಬರಿಯಾಗಿ, ‘ಯಾಕ್ ಸಾರ್, ಹಾಲು ಕೆಟ್ಟೋಗಿತ್ತಾ?’ ಅಂದ. ಹಾಲಿನದೇನೂ ತಪ್ಪಿಲ್ಲಪ್ಪ ಅಂತ ಹೇಳಿ ಅಲ್ಲಿಂದ ಜಾಗ ಖಾಲಿ ಮಾಡಿದೆ.

ಈ ವಾಸನೆ ನನ್ನ ಮೂಗಿಗೆ ಹತ್ತಿದ್ದು ರಿಂಗ್ ರೋಡಿನ ಆಚೆ ಇದ್ದ ಒಂದು ಕ್ರೇನ್ ಯಾರ್ಡಿನಲ್ಲಿ. ದೊಡ್ಡ ದೊಡ್ಡ ಕ್ರೇನುಗಳನ್ನು ಬಾಡಿಗೆಗೆ ಬಿಡುವ ಆ ಜಾಗದಲ್ಲಿ ನಾನು ಫೋರ್‌ಮನ್ ಆಗಿದ್ದೆ. ಬಹಳ ವರ್ಷ ಇದ್ದೆ. ಸುಳ್ಳು ಹೇಳಬಾರದು, ಅನ್ನ ಹಾಕಿದ ಜಾಗ. ಆದರೂ ನೆನಸಿಕೊಂಡರೆ ಹೇಸಿಗೆಯಾಗುವುದು ಒಂದೇ ವರ್ಷ. ದಸರೆಗೆ ಮುಂಚಿನ ಮಳೆಯಿಂದ ಹಿಡಿದು ಸಂಕ್ರಾಂತಿ ಕಳೆದ ಮೇಲಿನ ಬಿಸಿಲಿನವರೆಗೆ, ಆ ಕೆಲವೇ ತಿಂಗಳು. ಆ ತಿಂಗಳುಗಳಲ್ಲಿ ನನಗೆ ಹಗ್ಗ ಕಂಡರೆ ಅಸಹ್ಯ, ಹಗ್ಗ ಹಿಡಿದ ಮನುಷ್ಯರನ್ನು ಕಂಡರೆ ಇನ್ನೂ ಅಸಹ್ಯ.

ನಮ್ಮಲ್ಲಿದ್ದ ಅತಿ ದೊಡ್ಡ ಕ್ರೇನಿಗೆ ಎರಡು ಕೊಕ್ಕೆ. ದೊಡ್ಡ ಕೊಕ್ಕೆಗೆ ಹಗ್ಗ ರಾಟೆಯಿಂದ ರಾಟೆಗೆ ಹಲವು ಸಲ ಹಾದು ಬರುತ್ತದೆ. ಭಾರ ಅಷ್ಟೂ ಎಳೆತಗಳ ನಡುವೆ ಹಂಚಿಹೋಗುತ್ತದೆ. ಚಿಕ್ಕ ಕೊಕ್ಕೆ ಹಾಗಲ್ಲ. ಬೂಮಿನ, ಅಂದರೆ ಕ್ರೇನಿನ ಉದ್ದ ತೋಳಿನ, ತುತ್ತತುದಿಯಿಂದ ಒಂದೇ ಒಂದು ಹಗ್ಗದಲ್ಲಿ ನೇತಾಡುತ್ತದೆ. ಎತ್ತರಕ್ಕೆ, ದೂರಕ್ಕೆ ಚಾಚಬೇಕಾದಾಗ ಅದೇ ಗತಿ. ಆ ಒಂಟಿ ಹಗ್ಗ ಬೆರಳಿನಷ್ಟು ದಪ್ಪ. ಅದು ಹೋದರೆ ಕೆಳಗಿರುವವನೂ ಹೋದ, ಅಷ್ಟೇ. ನಾನು ಹೇಳಲು ಹೊರಟಿರುವುದು ಆ ಒಂಟಿ ಹಗ್ಗದ ವಿಷಯ.

ಹಗ್ಗ ಪೋಣಿಸುವುದು ನನ್ನ ಮತ್ತು ಪುಟ್ಟಸ್ವಾಮಿಯ ಕೆಲಸ. ಪುಟ್ಟಸ್ವಾಮಿ ಉದಯಗಿರಿಯವನು, ನನಗಿಂತ ಸಾಕಷ್ಟು ಚಿಕ್ಕವನು, ಕೈ ಚುರುಕು, ಮಾತು ಕಡಿಮೆ. ಅವನ ತಂಗಿ ಜಯಮ್ಮ ಗಂಡ ಬಿಟ್ಟುಹೋದ ಮೇಲೆ ಅಣ್ಣನ ಮನೆಯಲ್ಲೇ ಇದ್ದಳು. ಅವಳು ಗಾರೆ ಕೆಲಸಕ್ಕೆ ಹೋಗುವ ದಾರಿಯಲ್ಲಿ ಅವನ ಊಟದ ಡಬ್ಬಿ ಕೊಟ್ಟು ಹೋಗುವುದಿತ್ತು. ಬೂಮನ್ನು ನೆಲಮಟ್ಟಕ್ಕೆ ಮಲಗಿಸಿ, ಹಗ್ಗದ ಉರುಳೆಯನ್ನು ಒಂದು ಸರಳಿನ ಮೇಲೆ ಏರಿಸಿ, ಪುಟ್ಟಸ್ವಾಮಿ ಅದನ್ನು ಮೆಲ್ಲಗೆ ತಿರುಗಿಸುತ್ತಿದ್ದ. ಉರುಳೆ ತಿರುಗುತ್ತ ಹಗ್ಗ ಬಿಚ್ಚಿಕೊಳ್ಳಬೇಕೇ ಹೊರತು ಪಕ್ಕದಿಂದ ಸುರುಳಿ ಎಳೆದು ಹಾಕಬಾರದು. ಹಾಗೆ ಮಾಡಿದರೆ ಎಲ್ಲೋ ಒಂದು ಕಡೆ ಮುರುಟಿಕೊಳ್ಳುತ್ತದೆ. ಒಮ್ಮೆ ಮುರುಟಿದ ಹಗ್ಗವನ್ನು ಯಾವ ದೇವರೂ ನೆಟ್ಟಗೆ ಮಾಡಲಾರ. ಹಗ್ಗದ ತುದಿಗೆ ತೆಳು ನೈಲಾನ್ ಹಗ್ಗ ಕಟ್ಟಿ, ಮೊದಲು ಅದನ್ನು ರಾಟೆಯ ಮೇಲೆ ಹಾಯಿಸಿ, ಅದರ ಹಿಂದೆ ಉಕ್ಕನ್ನು ಎಳೆದು ತರುತ್ತಿದ್ದೆವು. ಕೇಳಲು ಚೆನ್ನಾಗಿದೆ. ಆ ವರ್ಷದ ಮಳೆಯಲ್ಲಿ ನೀವು ಮಾಡಿ ನೋಡಬೇಕಿತ್ತು. ಯಾರ್ಡಿನ ಕೆಂಪುಮಣ್ಣು ಕೆಸರಾಗಿ, ಕೆಸರಿಗೆ ಗ್ರೀಸು ಸೇರಿ, ಅದು ಮಣ್ಣೂ ಅಲ್ಲದ ಎಣ್ಣೆಯೂ ಅಲ್ಲದ ಒಂದು ಹೊಲಸು ಪದಾರ್ಥವಾಗಿ ಮೊಣಕೈವರೆಗೆ ಮೆತ್ತಿಕೊಳ್ಳುತ್ತಿತ್ತು.

ಸೀಮೆಎಣ್ಣೆ, ಸೋಪಿನ ಪುಡಿ, ಮರದ ಹೊಟ್ಟು, ಯಾವುದರಲ್ಲಿ ಉಜ್ಜಿದರೂ ಅದು ಹೋಗುತ್ತಿರಲಿಲ್ಲ. ಮನೆಯಲ್ಲಿ ನನ್ನ ಟವಲ್ಲು ಬೇರೆ, ದಿಂಬು ಬೇರೆ. ಅನ್ನ ಕಲಸಿದರೆ ಬಿಸಿ ಸಾರಿನ ಒಗ್ಗರಣೆಯ ಜೊತೆಗೆ ಗ್ರೀಸಿನ ವಾಸನೆಯೂ ಮೇಲೇಳುತ್ತಿತ್ತು. ‘ಕೈ ತೊಳ್ಕೊಂಡ್ ಬನ್ನಿ ಅಂದ್ರೆ ಕೇಳಲ್ವಲ್ಲ ನೀವು’ ಅಂತ ನನ್ನ ಹೆಂಡತಿ ಗೊಣಗುವಳು. ತೊಳೆದೇ ಬಂದಿದ್ದೀನಿ ಕಣೇ ಅಂತ ನಾನು ಸಿಡುಕುವೆ. ಕೊನೆಗೆ ಚಮಚದಲ್ಲಿ ತಿನ್ನುವುದು ಕಲಿತೆ. ಚಮಚದಲ್ಲಿ ಮುದ್ದೆ ತಿನ್ನುವ ಗಂಡಸನ್ನು ನೋಡಿ ಮನೆಯವರೆಲ್ಲ ನಕ್ಕರು.

ಇದನ್ನೆಲ್ಲ ಸಹಿಸಬಹುದಿತ್ತು. ನಿಜವಾದ ಹೇಸಿಗೆ ಶುರುವಾದದ್ದು ಆ ಒಂಟಿ ಹಗ್ಗ ಸಾಯಲು ಶುರು ಮಾಡಿದ ಮೇಲೆ. ಹಗ್ಗದ ಆರೋಗ್ಯ ನೋಡುವುದಕ್ಕೆ ನನಗೆ ಗೊತ್ತಿದ್ದ ವಿಧಾನ ಸುಲಭದ್ದು. ಗ್ಯಾರೇಜಿನಲ್ಲಿ ಕೈ ಒರೆಸಲು ತರುವ ಬನಿಯನ್ ಬಟ್ಟೆಯ ಚೂರನ್ನು ಹಗ್ಗಕ್ಕೆ ಸುತ್ತಿ, ಹಿಡಿದು, ಉದ್ದಕ್ಕೂ ನಡೆಯುವುದು. ಒಳಗಿನ ಸಣ್ಣ ತಂತಿ ಎಲ್ಲಾದರೂ ಮುರಿದು ಹೊರಗೆ ಚಾಚಿದ್ದರೆ ಬಟ್ಟೆ ಅಲ್ಲಿ ಸಿಕ್ಕಿಕೊಳ್ಳುತ್ತದೆ. ಅಲ್ಲೊಂದು ಇಲ್ಲೊಂದು ಸಿಕ್ಕಿಕೊಂಡರೆ ಕಣ್ಣಿಟ್ಟಿರಬೇಕು, ಅಷ್ಟೆ. ಆ ಮಳೆಗಾಲದಲ್ಲಿ ನನಗೆ ನಡೆಯಲೇ ಆಗಲಿಲ್ಲ. ಹೆಜ್ಜೆಗೊಂದು ಕಡೆ ಬಟ್ಟೆ ಹರಿಯಿತು. ಬಟ್ಟೆ ಹರಿದ ಮೇಲೆ ನನ್ನ ಅಂಗೈ ಹರಿಯಿತು.

ಯಾರ್ಡಿನ ಯಜಮಾನರು ಗುರುಮಲ್ಲಪ್ಪನವರು. ಹಣೆಯ ತುಂಬ ವಿಭೂತಿ, ಬಾಯಿ ತುಂಬ ನಗು, ಯಾರನ್ನೂ ಏಕವಚನದಲ್ಲಿ ಕರೆದವರಲ್ಲ. ಕೈ ತೋರಿಸಿ ವಿಷಯ ಹೇಳಿದೆ. ‘ಅಯ್ಯೋ, ರಕ್ತ ಬರ್ತಿದೆಯಲ್ರೀ ಕೆಂಪಣ್ಣ, ಅರಿಶಿನ ಹಾಕ್ಕೊಳಿ’ ಅಂದರು. ಹಗ್ಗದ ಮಾತು ಎತ್ತಿದರೆ, ‘ಆಯುಧಪೂಜೆ ಒಂದು ಆಗ್ಲಿ ಕಣ್ರೀ, ಆಮೇಲೆ ನೋಡೋಣ’ ಅಂದರು. ಅವರ ಈ ‘ನೋಡೋಣ’ ನನಗೆ ಚೆನ್ನಾಗಿ ಗೊತ್ತು. ಅವರು ನೋಡುವುದಿಲ್ಲ, ನಮ್ಮನ್ನೂ ನೋಡಲು ಬಿಡುವುದಿಲ್ಲ.

ಪೂಜೆಯ ಹಿಂದಿನ ದಿನ ಜ್ವರ ಬಂದು ನಾನು ಮಲಗಿಬಿಟ್ಟೆ. ಮಾರನೆಯ ಬೆಳಗ್ಗೆ ಹೋಗಿ ನೋಡಿದರೆ ಕ್ರೇನು ಮದುವಣಗಿತ್ತಿಯ ಹಾಗೆ ನಿಂತಿದೆ. ಬಾಳೆಕಂದು, ಚೆಂಡುಹೂವಿನ ಹಾರ, ಚಕ್ರದ ಕೆಳಗೆ ನಿಂಬೆಹಣ್ಣು. ಮೇಲೆ ನೋಡಿದೆ. ಚಿಕ್ಕ ಕೊಕ್ಕೆಯ ಹಗ್ಗ ಫಳಫಳ ಹೊಳೆಯುತ್ತಿತ್ತು. ಮೊದಲು ಅದನ್ನು ಡೀಸೆಲ್ಲಿನಲ್ಲಿ ತೊಳೆದಿದ್ದರು. ಆಮೇಲೆ ಗೇಟುಗಳಿಗೆ ಬಳಿಯುವ ಬೆಳ್ಳಿ ಬಣ್ಣವನ್ನು ತುದಿಯಿಂದ ತುದಿಗೆ ಬಳಿದಿದ್ದರು.

ಉಕ್ಕಿನ ಹಗ್ಗದ ಹೊಟ್ಟೆಯೊಳಗೆ ಎಣ್ಣೆ ಇರುತ್ತದೆ. ಎಳೆಗೆ ಎಳೆ ಉಜ್ಜಿ ಸವೆಯದಂತೆ, ನೀರು ಒಳಗಿಳಿಯದಂತೆ ಕಾಯುವುದು ಅದೇ. ಡೀಸೆಲ್ ಹಾಕಿ ತೊಳೆದರೆ ಅದು ಹೋಯಿತು. ಮೇಲೆ ಬಣ್ಣ ಬಳಿದರೆ ಮುರಿದ ತಂತಿಗಳೆಲ್ಲ ಮುಚ್ಚಿಹೋದವು. ಬನಿಯನ್ ಚೂರು ಸುತ್ತಿ ಎಳೆದೆ, ರೇಷ್ಮೆಯ ಮೇಲೆ ಜಾರಿದಂತೆ ಜಾರಿತು. ಪುಟ್ಟಸ್ವಾಮಿಯ ಕಡೆ ತಿರುಗಿದೆ. ಅವನ ಉಗುರುಗಳೆಲ್ಲ ಬೆಳ್ಳಿ. ‘ಯಜಮಾನ್ರು ಏಳುದ್ರು ಅಣ್ಣ, ಪೂಜೆಗೆ ಮಿಂಚ್ಬೇಕು ಅಂತ. ನಾನೇನ್ ಮಾಡ್ಲಿ?’ ಅಂದ. ಅಷ್ಟರಲ್ಲಿ ಗುರುಮಲ್ಲಪ್ಪನವರು ಹಗ್ಗಕ್ಕೆ ಕುಂಕುಮ ಹಚ್ಚಿ, ಕೈ ಮುಗಿದು, ಬೂದುಗುಂಬಳಕಾಯಿ ಒಡೆದರು. ಮಳೆ ಹನಿಯಿತು. ಕುಂಕುಮ ಕರಗಿ ಕುಂಬಳಕಾಯಿಯ ತಿರುಳಿನ ಜೊತೆ ಕೆಸರಿಗೆ ಹರಿಯಿತು. ಕಡ್ಲೆಪುರಿ, ಬೂಂದಿ ಹಂಚಿದರು. ನನ್ನ ಪಾಲಿನ ಬೂಂದಿಗೆ ಯಾರದೋ ಬೆರಳಿನ ಬೆಳ್ಳಿ ಬಣ್ಣ ಅಂಟಿತ್ತು. ಪ್ರಸಾದವನ್ನು ಬಿಸಾಡುವ ಧೈರ್ಯ ನನಗಿರಲಿಲ್ಲ, ಜೇಬಿಗೆ ಹಾಕಿಕೊಂಡು ಮನೆಗೆ ಬಂದೆ.

ವಿಜಯದಶಮಿ ಕಳೆದ ಮೇಲಿನ ಮೊದಲ ಕೆಲಸ ಹೊಸದಾಗಿ ಎದ್ದಿದ್ದ ಒಂದು ಅಂಗಡಿ ಕಟ್ಟಡದ್ದು. ಅದರ ತಾರಸಿಯ ಮೇಲೆ ಎ.ಸಿ. ಯಂತ್ರಗಳನ್ನು ಇಳಿಸಬೇಕು. ದೊಡ್ಡ ಕೊಕ್ಕೆ ಅಷ್ಟು ದೂರ ಚಾಚುವುದಿಲ್ಲ, ಚಿಕ್ಕ ಕೊಕ್ಕೆಯೇ ಆಗಬೇಕು. ಯಂತ್ರ ಮೇಲಿಂದ ಇಳಿಯುವಾಗ ತಾರಸಿಯಲ್ಲಿ ನಿಂತು ಕೈಕೊಟ್ಟು ಕೂರಿಸುವವನು ಪುಟ್ಟಸ್ವಾಮಿ. ಕ್ರೇನು ಕಾಲು ಚಾಚಿ ನಿಂತಾಯಿತು, ಯಂತ್ರಕ್ಕೆ ಸರಪಳಿ ಹಾಕಿಯಾಯಿತು. ಪುಟ್ಟಸ್ವಾಮಿ ಮೆಟ್ಟಿಲ ಹತ್ತಿರ ಹೋದವನು ತಿರುಗಿ ಬಂದ.

‘ಅಣ್ಣ, ಬಣ್ಣ ಬಳುದೋನೇ ನಾನು. ಒಳಗೇನೈತೆ ಅಂತ ನಂಗೊತ್ತು. ನಾನಂತೂ ಅದ್ರ ಕೆಳಗೆ ನಿಲ್ಲಾಕಿಲ್ಲ’ ಅಂದ.

ನನಗೆ ಅವನ ಮೇಲೆ ಬಂದಿದ್ದ ಸಿಟ್ಟೆಲ್ಲ ಇಳಿಯಿತು. ಇಬ್ಬರೂ ಹೋಗಿ ಕಟ್ಟಡದ ಎದುರಿನ ಹೊಂಗೆ ಮರದ ಕೆಳಗೆ ಕೂತೆವು. ಗುರುಮಲ್ಲಪ್ಪನವರು ಕಾರಿನಲ್ಲಿ ಧಾವಿಸಿ ಬಂದರು. ನಗು ಇರಲಿಲ್ಲ, ಆದರೆ ಬಹುವಚನ ಹಾಗೇ ಇತ್ತು. ‘ಏನ್ರೀ ಇದು, ಬೀದೀಲಿ ನನ್ನ ಮಾನ ತೆಗೀತೀರಾ? ಇಷ್ಟು ವರ್ಷ ಏನಾದ್ರೂ ಆಗಿದೆಯಾ?’ ಅಂದರು. ಆಗಿಲ್ಲ, ಅದಕ್ಕೇ ಹೇಳ್ತಿರೋದು ಅಂದೆ. ‘ಪೂಜೆ ಮಾಡಿದೀನಿ ಕಣ್ರೀ ನಿನ್ನೆ ಮೊನ್ನೆ!’ ಅಂದರು. ಹಾಗಾದರೆ ನೀವೇ ಮೇಲೆ ಹೋಗಿ ಯಂತ್ರದ ಕೆಳಗೆ ನಿಂತ್ಕೊಳಿ ಯಜಮಾನ್ರೇ, ನಾನು ಕೆಳಗಿಂದ ಸನ್ನೆ ಮಾಡ್ತೀನಿ ಅಂದೆ. ಕಟ್ಟಡದ ಮಾಲೀಕನ ಕಡೆಯವರು ಸುತ್ತ ನಿಂತು ಕೇಳುತ್ತಿದ್ದರು. ಅವರ ಕಡೆ ಒಮ್ಮೆ ನೋಡಿ ಗುರುಮಲ್ಲಪ್ಪನವರು ಫೋನ್ ತೆಗೆದು ಹೊಸ ಹಗ್ಗಕ್ಕೆ ಹೇಳಿದರು.

ಹೊಸ ಹಗ್ಗ ಪೋಣಿಸಿದ ದಿನವೊಂದೇ ಆ ವರ್ಷದಲ್ಲಿ ನನಗೆ ಖುಷಿ ಕೊಟ್ಟ ದಿನ. ಮಳೆ ನಿಂತು ಆಕಾಶ ತೊಳೆದಿಟ್ಟಂತಿತ್ತು. ಪುಟ್ಟಸ್ವಾಮಿ ಉರುಳೆ ತಿರುಗಿಸಿದ, ಹಗ್ಗ ಒಂದು ಕಡೆಯೂ ಮುರುಟದೆ ಬಂತು. ತುದಿಯನ್ನು ಕೊಕ್ಕೆಯ ಮೇಲಿನ ಗೂಡಿನಲ್ಲಿ ಬೆಣೆಯಿಟ್ಟು ಬಡಿದು ಬಿಗಿದೆವು. ಡ್ರಮ್ಮಿನ ಮೇಲೆ ಸುತ್ತಿನ ಪಕ್ಕ ಸುತ್ತು ಒತ್ತಾಗಿ ಕೂತಿತು. ಆ ದಿನ ಗ್ರೀಸಿನ ವಾಸನೆ ಕೂಡ ಅಷ್ಟೊಂದು ಕೆಟ್ಟದ್ದು ಅನ್ನಿಸಲಿಲ್ಲ.

ಬಿಚ್ಚಿದ ಹಳೆಯ ಹಗ್ಗ ನೆಲದ ಮೇಲೆ ಬಿದ್ದಿತ್ತು. ನಾನು ಕೆಲಸ ಕಲಿತ ಕಡೆ ಒಂದು ಪದ್ಧತಿ ಇತ್ತು. ಕ್ರೇನಿನಿಂದ ಇಳಿಸಿದ ಹಗ್ಗವನ್ನು ಅವತ್ತೇ ಮೊಳಮೊಳ ತುಂಡು ಮಾಡಿಬಿಡಬೇಕು. ಉದ್ದವಾಗಿ ಬಿಟ್ಟರೆ ಯಾರಾದರೂ ಎತ್ತಿಕೊಂಡು ಹೋಗಿ ಮತ್ತೆಲ್ಲೋ ನೇತುಹಾಕುತ್ತಾರೆ. ಆ ಹಗ್ಗ ಇನ್ನು ಯಾರ ತಲೆಯ ಮೇಲೂ ತೂಗಬಾರದು, ನನಗೆ ಬೇಕಾಗಿದ್ದು ಇಷ್ಟೇ. ಗ್ರೈಂಡರ್ ತರಿಸಿದೆ. ಗುರುಮಲ್ಲಪ್ಪನವರು ಓಡಿಬಂದು ಅಡ್ಡ ನಿಂತರು. ‘ಕುಂಕುಮ ಇಟ್ಟಿರೋ ವಸ್ತು ಕಣ್ರೀ ಅದು! ಪೂಜೆ ಆದದ್ದನ್ನ ತಿಂಗಳೊಳಗೆ ಕತ್ತರಿಸ್ತಾರಾ? ಮನೆಗೆ ಒಳ್ಳೇದಾಗಲ್ಲ. ಸಂಕ್ರಾಂತಿ ಕಳೀಲಿ.’ ಡೀಸೆಲ್ಲಿನಲ್ಲಿ ತೊಳೆದು ಅದರ ಜೀವ ತೆಗೆಯುವಾಗ ಇಲ್ಲದ ಭಕ್ತಿ ಈಗ ಎಲ್ಲಿಂದ ಬಂತೋ. ಸುತ್ತ ನಿಂತಿದ್ದ ನಮ್ಮ ಹುಡುಗರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ‘ಬ್ಯಾಡ ಬುಡಿ ಅಣ್ಣ’ ಅಂದರು. ಹಗ್ಗವನ್ನು ಸುರುಳಿ ಮಾಡಿ ಶೆಡ್ಡಿನ ಹಿಂದೆ ಟಾರ್ಪಾಲಿನ ಕೆಳಗೆ ಇಟ್ಟರು. ಮಾಗಿಯ ಚಳಿಯುದ್ದಕ್ಕೂ ನಾನು ಆ ಕಡೆ ಹೋದಾಗಲೆಲ್ಲ ಟಾರ್ಪಾಲು ಎತ್ತಿ ನೋಡಿ ಬರುತ್ತಿದ್ದೆ.

ಸಂಕ್ರಾಂತಿಯ ಎಳ್ಳು ಬೆಲ್ಲ ತಿಂದು ಬಂದು ಗ್ರೈಂಡರ್ ಹಿಡಿದು ಹೋದರೆ ಟಾರ್ಪಾಲಿನ ಕೆಳಗೆ ಬರಿ ನೆಲ. ಯಜಮಾನರನ್ನು ಕೇಳಿದೆ. ‘ಗುಜರಿಯವನಿಗೆ ಹೋಗಿರ್ಬೇಕು ಬಿಡಿ, ನಿಮ್ಗೂ ನೆಮ್ಮದಿ’ ಅಂದರು. ಪುಟ್ಟಸ್ವಾಮಿಯನ್ನು ಕೇಳಿದೆ. ಅವನು ಬೀಡಿ ಹಚ್ಚುವುದರಲ್ಲಿ ಮುಳುಗಿಹೋಗಿದ್ದ.

ಅದಾಗಿ ಕೆಲವು ದಿನಕ್ಕೆ, ಒಂದು ಭಾನುವಾರ, ಕನ್ನಡಕದ ಕಾಲು ಸರಿಮಾಡಿಸಲು ಸರಸ್ವತಿಪುರಂಗೆ ಹೋಗಿದ್ದೆ. ಟ್ಯುಟೋರಿಯಲ್‌ಗಳ ಸಾಲು ಕಳೆದ ಮೇಲೆ ಒಂದು ಹಳೇ ಮನೆ ಕೆಡವಿದ ಜಾಗದಲ್ಲಿ ಹುಡುಗರ ಪಿ.ಜಿ. ಕಟ್ಟಡ ಏಳುತ್ತಿತ್ತು. ಇಟ್ಟಿಗೆ ಏರಿಸುವ ಲಿಫ್ಟ್ ಮಿಷನ್ ಗಡಗಡ ಅನ್ನುತ್ತಿತ್ತು. ಕಬ್ಬಿಣದ ಚೌಕಟ್ಟು, ಅದರೊಳಗೆ ಮೇಲೆ ಕೆಳಗೆ ಓಡಾಡುವ ತಗಡಿನ ತೊಟ್ಟಿಲು. ಇಟ್ಟಿಗೆಗೆ ಮಾತ್ರ ಅಂತ ಎಲ್ಲರಿಗೂ ಗೊತ್ತು, ಎಲ್ಲರೂ ಹತ್ತುತ್ತಾರೆ. ತೊಟ್ಟಿಲು ಎರಡನೇ ಮಹಡಿ ದಾಟುತ್ತಿತ್ತು, ಒಳಗೆ ಇಟ್ಟಿಗೆಯ ರಾಶಿಗೆ ಒರಗಿ ಒಬ್ಬ ಹೆಂಗಸು ನಿಂತಿದ್ದಳು. ಅದನ್ನು ಎಳೆಯುತ್ತಿದ್ದ ಹಗ್ಗ ಬಿಸಿಲಿಗೆ ಹೊಳೆಯಿತು. ಬೆಳ್ಳಿ. ಆ ಸಣ್ಣ ರಾಟೆಯ ಕೊರಕಲಿಗೆ ಅಷ್ಟು ದಪ್ಪದ ಹಗ್ಗ ಕೂರದೆ ಅಂಚಿಗೆ ಉಜ್ಜಿಕೊಂಡು ಹೋಗುತ್ತಿತ್ತು, ಬಣ್ಣದ ಚಕ್ಕೆ ಉದುರುತ್ತಿತ್ತು. ಆ ಹೆಂಗಸು ಜಯಮ್ಮ.

ನಿಲ್ಸಿ ಅಂತ ಅರಚಿದೆ. ಎಂಜಿನ್ನಿನ ಸದ್ದಿಗೆ ಯಾರಿಗೂ ಕೇಳಲಿಲ್ಲ. ಆಮೇಲೆ ನಾನೇ ತಡೆದು ನಿಂತೆ, ಯಾಕೆಂದರೆ ನಡುವೆ ತಟ್ಟನೆ ನಿಲ್ಲಿಸಿದರೆ ಆ ಜಗ್ಗಿಗೇ ಹಗ್ಗ ಹರಿಯಬಹುದು. ಅವಳು ಮೇಲೆ ತಲುಪಿ, ಇಟ್ಟಿಗೆ ಇಳಿಸಿ, ಮತ್ತೆ ಅದರಲ್ಲೇ ಇಳಿದು ಬರುವವರೆಗೆ ನನ್ನ ಅಂಗಿ ಬೆವರಿಗೆ ಮೈಗೆ ಅಂಟಿಕೊಂಡಿತ್ತು. ತೊಟ್ಟಿಲು ನೆಲ ಮುಟ್ಟಿದ್ದೇ ಹೋಗಿ ಎಂಜಿನ್ ಆರಿಸಿದೆ. ಪುಟ್ಟಸ್ವಾಮಿಗೆ ಫೋನ್ ಮಾಡಿ ಬಾಯಿಗೆ ಬಂದದ್ದು ಬೈದೆ. ಉದಯಗಿರಿಯಿಂದ ಬೈಕಿನಲ್ಲಿ ಬಂದವನ ಮುಖ ಬಿಳಿಚಿಕೊಂಡಿತ್ತು.

‘ನಿನ್ನ ತಲೆ ಮೇಲೆ ಬೇಡವಾಗಿತ್ತು ಅಲ್ವೇನೋ? ತಂಗಿ ತಲೆ ಮೇಲೆ ಬೇಕಾಯ್ತಾ? ಮನುಷ್ಯನೇನೋ ನೀನು?’ ಅಂದೆ. ಅವನನ್ನು ನೋಡಲೂ ಅಸಹ್ಯವಾಗಿತ್ತು.

ಅವನು ನನ್ನ ಕೈ ಹಿಡಿದು ಮರಳಿನ ಗುಡ್ಡೆಯ ಹಿಂದಕ್ಕೆ ಕರೆದುಕೊಂಡು ಹೋದ. ಅಲ್ಲಿ ಇನ್ನೊಂದು ಹಗ್ಗ ಬಿದ್ದಿತ್ತು. ತೆಳ್ಳಗೆ, ತುಕ್ಕು ಹಿಡಿದು, ಕಡ್ಡಿ ಕಡ್ಡಿಯಾಗಿ ಬಿಟ್ಟುಕೊಂಡದ್ದು. ಹರಿದ ಕಡೆಗಳಲ್ಲಿ ಗಂಟು ಹಾಕಿದ್ದರು. ಉಕ್ಕಿನ ಹಗ್ಗಕ್ಕೆ, ಸೀರೆಯ ಸೆರಗಿಗೆ ಹಾಕಿದ ಹಾಗೆ, ಗಂಟು.

‘ಇದ್ರಲ್ಲಿ ಓಯ್ತಿದ್ಲು ಅಣ್ಣ ಅವ್ಳು, ವರ್ಷದಿಂದ. ನೋಡಾಕಾಗ್ಲಿಲ್ಲ ನಂಗೆ. ಯಜಮಾನ್ರ ಕಾಲಿಡ್ಕೊಂಡು ಅದನ್ನ ಇಸ್ಕೊಂಡ್ ಬಂದು ನಾನೇ ಆಕಿದ್ದು. ಇದ್ಕಿಂತ ಅದು ವಾಸಿ ಅಲ್ವಾ? ದಪ್ಪಗಾದ್ರೂ ಐತಲ್ಲ. ನಿಮ್ಗೇಳುದ್ರೆ ಕತ್ತರ್ಸ್ಬುಡ್ತೀರ ಅಂತ ಏಳ್ಲಿಲ್ಲ.’

ದಪ್ಪ ಹಗ್ಗ ಸಣ್ಣ ರಾಟೆಯ ಮೇಲೆ ಬಗ್ಗಿ ಬಗ್ಗಿ ಇನ್ನೂ ಬೇಗ ಮುರಿಯುತ್ತದೆ ಕಣೋ ಅಂತ ನಾನು ಹೇಳಬೇಕಿತ್ತು. ಅವನ ಮೇಲಿದ್ದ ಅಸಹ್ಯ ಅವನನ್ನು ಬಿಟ್ಟು ಎಲ್ಲದರ ಮೇಲೂ ಹರಡಿತು. ಆ ಗಂಟುಗಳ ಮೇಲೆ, ಅವನ್ನು ಹಾಕಿದ ಕೈಗಳ ಮೇಲೆ, ರಸ್ತೆಯಾಚೆ ದೋಸೆ ತಿಂದು ಕೈ ಒರೆಸಿಕೊಳ್ಳುತ್ತ ನಮ್ಮನ್ನೇ ನೋಡುತ್ತಿದ್ದವರ ಮೇಲೆ. ಗುರುಮಲ್ಲಪ್ಪನವರು ತಮ್ಮ ಪಾಪವನ್ನು ದಾನದ ಹೆಸರಿನಲ್ಲಿ ಸಾಗಹಾಕಿ ಪುಣ್ಯ ಕಟ್ಟಿಕೊಂಡಿದ್ದರು. ಕೊಟ್ಟವನಿಗೂ ನೆಮ್ಮದಿ, ತಂದವನಿಗೂ ನೆಮ್ಮದಿ.

ಕಂಬಿ ಕತ್ತರಿಸುವ ಗ್ರೈಂಡರ್ ಅಲ್ಲೇ ಇತ್ತು. ಎತ್ತಿಕೊಂಡೆ. ಸೈಟಿನ ಮೇಸ್ತ್ರಿ ಓಡಿಬಂದು, ‘ರೀ, ಯಾರ್ರೀ ನೀವು? ಸಾಯಂಕಾಲದೊಳಗೆ ಇಟ್ಟಿಗೆ ಮೇಲೆ ಓಗ್ಬೇಕು’ ಅಂತ ಕೂಗಿದ. ಪೊಲೀಸರಿಗೆ ಫೋನ್ ಮಾಡ್ಲಾ ಅಂದೆ. ಎರಡು ಹೆಜ್ಜೆ ಹಿಂದಕ್ಕೆ ಹೋದ. ಬೆಳ್ಳಿಯ ಹಗ್ಗಕ್ಕೆ ಗ್ರೈಂಡರ್ ಇಟ್ಟೆ. ತುಂಡಾದ ಕಡೆ ಎಳೆಗಳು ಬಿರಿದುಕೊಂಡವು, ಒಳಗಿನಿಂದ ಕೆಂಪು ತುಕ್ಕಿನ ಪುಡಿ ಬುಳಬುಳ ಸುರಿಯಿತು. ಒಂದು ಹನಿ ಎಣ್ಣೆ ಇರಲಿಲ್ಲ. ‘ನೋಡೋ’ ಅಂದೆ. ಪುಟ್ಟಸ್ವಾಮಿ ಆ ಪುಡಿಯನ್ನು ಅಂಗೈಯಲ್ಲಿ ಹಿಡಿದು ನೋಡಿ ಕೂತುಬಿಟ್ಟ. ಮೊಳಮೊಳ ತುಂಡು ಮಾಡಿದೆ. ಆಮೇಲೆ ಗಂಟಿನ ಹಗ್ಗವನ್ನೂ ಎಳೆದು ತಂದು ತುಂಡು ಮಾಡಿದೆ, ಇಲ್ಲದಿದ್ದರೆ ನಾನು ಬೆನ್ನು ತಿರುಗಿಸಿದ ತಕ್ಷಣ ಅದು ಮೇಲೇರುತ್ತದೆ ಅಂತ ಗೊತ್ತಿತ್ತು.

ಎರಡೂ ಮುಗಿದು ಗ್ರೈಂಡರಿನ ಸದ್ದು ನಿಂತಿತು. ಹೊಸ ಹಗ್ಗ ಯಾವಾಗ ತರಿಸ್ತೀರಿ ಅಂತ ಮೇಸ್ತ್ರಿಯನ್ನು ಕೇಳಿದೆ. ‘ನೋಡೋಣ’ ಅಂದ. ಆಮೇಲೆ ಹೆಂಗಸರ ಕಡೆ ತಿರುಗಿ, ‘ಏನ್ ನೋಡ್ತಾ ನಿಂತಿದ್ದೀರಾ, ಹೊತ್ಕೊಳ್ರಮ್ಮ’ ಅಂದ. ಅವರು ತಲೆಯ ಮೇಲೆ ಸಿಂಬೆ ಇಟ್ಟುಕೊಂಡು, ಹಲಗೆಯ ಮೇಲೆ ಇಟ್ಟಿಗೆ ಜೋಡಿಸಿಕೊಂಡು, ಸಾಲಾಗಿ ಮೆಟ್ಟಿಲು ಹತ್ತತೊಡಗಿದರು. ಮೆಟ್ಟಿಲಿಗೆ ಇನ್ನೂ ಹಿಡಿದುಕೊಳ್ಳುವ ಕಂಬಿ ಇರಲಿಲ್ಲ. ನಾಲ್ಕು ಮಹಡಿ.

ನಾನು ಮಾಡಿದ್ದು ಸರಿ. ಇವತ್ತು ಅದೇ ಹಗ್ಗ ಸಿಕ್ಕರೂ ಅದನ್ನೇ ಮಾಡುತ್ತೇನೆ. ಆದರೆ ಆ ಮಧ್ಯಾಹ್ನ ನನ್ನ ಸರಿಯನ್ನು ಇಟ್ಟುಕೊಂಡು ಎಲ್ಲಿ ನಿಲ್ಲಬೇಕೋ ಗೊತ್ತಾಗದೆ, ಗ್ರೈಂಡರ್ ಹಿಡಿದುಕೊಂಡು ಮೆಟ್ಟಿಲ ಬುಡದಲ್ಲೇ ನಿಂತಿದ್ದೆ.

ಜಯಮ್ಮ ಸಾಲಿನ ಕೊನೆಯಲ್ಲಿ ಬಂದಳು. ಇಟ್ಟಿಗೆಯ ಭಾರಕ್ಕೆ ಕತ್ತಿನ ನರ ಬಿಗಿದಿತ್ತು. ತಲೆ ಅಲ್ಲಾಡಿಸುವಂತಿಲ್ಲ, ಕಣ್ಣು ಮಾತ್ರ ನನ್ನ ಕಡೆ ತಿರುಗಿಸಿದಳು.

‘ಕತ್ತರ್ಸಿದ್ದು ನೀವು ಅಣ್ಣ, ಹೊರೋರು ನಾವು. ಒಸಿ ದಾರಿ ಬುಡಿ’ ಅಂದಳು.

ಪಕ್ಕಕ್ಕೆ ಸರಿದು ನಿಂತೆ.